ಅವರದು ಹವ್ಯಾಸ, ನಮ್ಮದು ಶೋಕಿ?

ಬೆಂಗಳೂರಿನಲ್ಲಿ ಒಬ್ಬ ಎಂಜಿನಿಯರ್ ಎರಡು ಲಕ್ಷ ಕೊಟ್ಟು ಆಂಪ್ಲಿಫೈಯರ್ ತಂದರೆ ಅದಕ್ಕೆ ಹವ್ಯಾಸ ಎನ್ನುತ್ತಾರೆ. ನಮ್ಮೂರಿನ ಹುಡುಗ ಮೆಕ್ಕೆಜೋಳ ಮಾರಿದ ರೊಕ್ಕದಲ್ಲಿ ಹದಿನೈದು ಸಾವಿರದ ಸೌಂಡ್ ಸೆಟ್ಟು ತಂದರೆ ಕಟ್ಟೆಯ ಮೇಲೆ ಕೂತವರೆಲ್ಲ ‘ಶೋಕಿ ಮಾಡಾಕ ಹತ್ಯಾನ’ ಎನ್ನುತ್ತಾರೆ. ಹಾಗೆ ಅನ್ನುವವರ ಬಾಯಲ್ಲಿ ಗುಟ್ಕಾ ಇರುತ್ತದೆ ಎಂಬುದು ಬೇರೆ ಮಾತು.

ಈ ಎರಡು ಪದಗಳ ನಡುವಿನ ಅಂತರ ನಮಗೆ ಬಹಳ ದಿನಗಳಿಂದ ಕಾಡುತ್ತಿದೆ. ಹಾಡು ಕೇಳುವುದಕ್ಕೆ ಹಳ್ಳಿಯವರು ಖರ್ಚು ಮಾಡಬಾರದೇ? ಮಾಡಬಹುದು ಎನ್ನುವುದಾದರೆ, ಎಷ್ಟು ಮಾಡುತ್ತಿದ್ದೇವೆ ಎಂದು ಯಾರಾದರೂ ಕೂಡಿಸಿ ನೋಡಿದ್ದಾರೆಯೇ? ಟ್ರ್ಯಾಕ್ಟರ್ ಸಾಲದ ಲೆಕ್ಕ ಇರುತ್ತದೆ, ಬೋರ್‌ವೆಲ್ ಕೊರೆಸಿದ ಲೆಕ್ಕ ಇರುತ್ತದೆ. ಹಾಡಿನ ಲೆಕ್ಕ ಮಾತ್ರ ಯಾರ ಬಳಿಯೂ ಇಲ್ಲ.

ರಾಣೇಬೆನ್ನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಪರಿಚಯದ ರೈತರೊಬ್ಬರಿದ್ದಾರೆ. ಮೂರು ಎಕರೆ ಹೊಲ, ವಯಸ್ಸು ಐವತ್ತು ದಾಟಿದೆ. ಸುತ್ತಲಿನ ಊರುಗಳಲ್ಲಿ ‘ಟೇಪಿನವರು’ ಎಂದರೆ ಇವರೇ. ಇವರ ಜೊತೆ ಕೂತು 30 ವರ್ಷಗಳ ಲೆಕ್ಕ ಹಾಕಿದೆವು. ಲೆಕ್ಕ ಹೇಳಿದ್ದು ಅವರು, ತಿದ್ದಿದ್ದು ಅವರ ಹೆಂಡತಿ.

1993ರಲ್ಲಿ ಹುಬ್ಬಳ್ಳಿಯಿಂದ ತಂದ ಟೂ ಇನ್ ಒನ್, 2,400 ರೂಪಾಯಿ. 1997ರಲ್ಲಿ ಪೇಟೆಯ ರೇಡಿಯೊ ರಿಪೇರಿಯವರ ಕೈಯಲ್ಲಿ ಜೋಡಿಸಿದ ಡೆಕ್ಕು, ಆಂಪ್ಲಿಫೈಯರ್, ಎರಡು ಬಾಕ್ಸು ಸೇರಿ 5,500. 2003ರಲ್ಲಿ ವಿಸಿಡಿ ಪ್ಲೇಯರ್ 3,200. ಮೂರು ವರ್ಷಕ್ಕೆ ಅದೂ ಸಾಲದೆ ಡಿವಿಡಿ ಮತ್ತು ಐದು ಸ್ಪೀಕರಿನ ಸೆಟ್ಟು, 9,000. 2013ರಲ್ಲಿ ಕಂತಿನ ಮೇಲೆ ಎದೆಮಟ್ಟದ ಟವರ್ ಸ್ಪೀಕರುಗಳ ಹೋಮ್ ಥಿಯೇಟರ್, 18,500. 2019ರಲ್ಲಿ ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿ ಹಳೆಯ ಜಪಾನಿ ಆಂಪ್ಲಿಫೈಯರ್ 14,000ಕ್ಕೆ, ಅದಕ್ಕೆ ಹೊಂದುವ ಸ್ಪೀಕರ್ ಜೋಡಿ 22,000ಕ್ಕೆ ತಂದರು. ಒಟ್ಟು 74,600.

‘ಇಷ್ಟ ನೋಡ್ರಿ’ ಎಂದು ಅವರು ಮುಗಿಸಿದರು. ಅಡುಗೆಮನೆಯಿಂದ ದನಿ ಬಂತು: ‘ಕ್ಯಾಸೆಟ್ ಯಾರು ತಂದ್ರು?’

ಅಲ್ಲಿಂದ ಎರಡನೇ ಲೆಕ್ಕ ಶುರುವಾಯಿತು. ಮುನ್ನೂರು ಕ್ಯಾಸೆಟ್ಟು, ಒಂದಕ್ಕೆ ಸರಾಸರಿ 30 ರೂಪಾಯಿ ಹಿಡಿದರೂ 9,000. ಸಿಡಿ, ಪೆನ್‌ಡ್ರೈವು 3,000. ವೋಲ್ಟೇಜ್ ಏರಿಳಿದು ಎರಡು ಸಲ ಟ್ರಾನ್ಸ್‌ಫಾರ್ಮರ್ ಸುಟ್ಟಿತು, ವೂಫರ್ ಹರಿಯಿತು. ರಿಪೇರಿ ಎಲ್ಲ ಸೇರಿ 8,000. ಇನ್ನು ಸುಡಬಾರದು ಎಂದು ಸ್ಟೆಬಿಲೈಜರ್ 4,000. ವೈರಿಂಗು, ಸೆಟ್ಟು ಇಡುವ ಕಪಾಟು 6,000. ಇದು 30,000. ಎರಡೂ ಕೂಡಿದರೆ 1,04,600 ರೂಪಾಯಿ. ಹುಬ್ಬಳ್ಳಿ, ಬೆಂಗಳೂರಿಗೆ ಓಡಾಡಿದ ಬಸ್ ಚಾರ್ಜು ಬಿಟ್ಟು!

ಅವರ ಹೆಂಡತಿಗೆ ಒಂದೊಂದು ವರ್ಷವೂ ನೆನಪಿದೆ. ಯಾಕೆಂದರೆ ಒಂದೊಂದು ಸೆಟ್ಟು ಬಂದ ವರ್ಷವೂ ಬೇರೆ ಏನೋ ಒಂದು ಬಂದಿಲ್ಲ. ‘ಆ ಟೇಪಿನ ರೊಕ್ಕಕ್ಕ ಆಗ ಅರ್ಧ ತೊಲಿ ಬಂಗಾರ ಬರ್ತಿತ್ತು’ ಎಂದರು. ನಾವು ಹಳೆಯ ದರ ನೋಡಿದೆವು. 1993ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ನಾಲ್ಕು ಸಾವಿರದ ಆಸುಪಾಸು. ಅವರ ಮಾತು ಸರಿಯಾಗೇ ಇದೆ.

ಈಗ ಇದೇ ಮೊತ್ತವನ್ನು ಬೇರೆ ರೀತಿ ನೋಡೋಣ. 1,04,600ನ್ನು 30 ವರ್ಷಕ್ಕೆ ಹಂಚಿದರೆ ತಿಂಗಳಿಗೆ 290 ರೂಪಾಯಿ, ದಿನಕ್ಕೆ ಹತ್ತು ರೂಪಾಯಿಗೂ ಕಡಿಮೆ. ಕಟ್ಟೆಯ ಮೇಲಿನವರ ಗುಟ್ಕಾ ಇದಕ್ಕಿಂತ ದುಬಾರಿ. ಹತ್ತು ರೂಪಾಯಿಗೆ ದಿನವೂ ಮನೆತುಂಬ ಹಾಡು ಸಿಕ್ಕರೆ ಅದನ್ನು ಶೋಕಿ ಎನ್ನಲು ನಮಗೆ ಮನಸ್ಸು ಬರುವುದಿಲ್ಲ. ಆದರೆ ದಿನಕ್ಕೆ ಹತ್ತು ರೂಪಾಯಿ ಎಂಬುದು ಈಗ ಕೂತು ಹಂಚಿದ ಲೆಕ್ಕ. ಆಗ ಹೋಗಿದ್ದು ಒಂದೇ ಗಂಟಿನಲ್ಲಿ, ಸುಗ್ಗಿ ಮುಗಿದ ವಾರದಲ್ಲಿ, ಮನೆಯಲ್ಲಿ ಯಾರನ್ನೂ ಕೇಳದೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮ ಭಾಗದವರಿಗೆ ಹಾಡಿನ ಹುಚ್ಚು ಹೊಸದಲ್ಲ. ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. 1950ರಲ್ಲಿ ಧಾರವಾಡದ ಆಕಾಶವಾಣಿ ಶುರುವಾದ ಮೇಲೆ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರ ಹಾಡು ಹೊಲದ ಮನೆಗೂ ಬಂತು. ಆಗ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸ್ ದುಡ್ಡು ಕಟ್ಟಬೇಕಿತ್ತು. ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. 1980ರ ದಶಕದ ನಡುವಿನ ತನಕ ಅದು ಇತ್ತು. ಆಮೇಲೆ ಕ್ಯಾಸೆಟ್ ಬಂತು. 1978ರ ‘ನಿತ್ಯೋತ್ಸವ’ದಂಥ ಭಾವಗೀತೆಗಳು, ಭಜನೆ, ಜಾನಪದ, ನಾಟಕದ ಹಾಡು, ಎಲ್ಲವೂ ಅಂಗಡಿಯಲ್ಲಿ ಸಿಗತೊಡಗಿದವು. ರೇಡಿಯೊ ಹಾಕಿದ್ದನ್ನು ಕೇಳುತ್ತಿದ್ದವರು ತಮಗೆ ಬೇಕಾದ್ದನ್ನು ಬೇಕಾದಾಗ ಕೇಳುವಂತಾದರು. ಖರ್ಚು ಏರಿದ್ದೂ ಅಲ್ಲಿಂದಲೇ.

ಬಾಕ್ಸು ಕೊಳ್ಳಲು ದುಡ್ಡಿಲ್ಲದವರು ಮಣ್ಣಿನ ಗಡಿಗೆಯ ಬಾಯಿಗೆ ಸ್ಪೀಕರ್ ಕೂರಿಸುತ್ತಿದ್ದರು, ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ತಗ್ಗಿನ ದನಿ ಗುಂಯ್ ಎಂದು ತುಂಬಿ ಬರುತ್ತಿತ್ತು. ಅದಕ್ಕೆ ಕಾರಣವೂ ಇದೆ. ತೆರೆದಿಟ್ಟ ಸ್ಪೀಕರಿನ ಮುಂದಿನ ಗಾಳಿ ಮತ್ತು ಹಿಂದಿನ ಗಾಳಿ ಒಂದನ್ನೊಂದು ಹೊಡೆದುಹಾಕುತ್ತವೆ, ತಗ್ಗಿನ ಸ್ವರ ಅಲ್ಲೇ ಸಾಯುತ್ತದೆ. ಗಡಿಗೆ ಹಿಂದಿನ ಗಾಳಿಯನ್ನು ಹಿಡಿದಿಡುತ್ತದೆ, ಜೊತೆಗೆ ತನ್ನದೊಂದು ಗುಂಗು ಸೇರಿಸುತ್ತದೆ. ನೂರಾರು ರೂಪಾಯಿಯ ಕೆಲಸವನ್ನು ಕುಂಬಾರರ ಗಡಿಗೆ ಮಾಡುತ್ತಿತ್ತು.

ಹಾಗಾದರೆ ಲಕ್ಷ ರೂಪಾಯಿ ಎಲ್ಲಿ ಹೋಯಿತು? ಹಾಡಿಗೆ ಹೋಗಿದ್ದು ಕಡಿಮೆ, ಡಬ್ಬಿಯ ಮೇಲೆ ಅಚ್ಚಾದ ನಂಬರಿಗೆ ಹೋಗಿದ್ದು ಹೆಚ್ಚು ಎಂದು ನಮ್ಮ ಅಭಿಪ್ರಾಯ.

1990ರ ದಶಕದ ಟೂ ಇನ್ ಒನ್‌ಗಳ ಮೈಮೇಲೆ ಸಾವಿರ ವ್ಯಾಟು, ಎರಡು ಸಾವಿರ ವ್ಯಾಟು ಎಂದು ಹೊಳೆಯುವ ಸ್ಟಿಕ್ಕರ್ ಇರುತ್ತಿತ್ತು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಪಿ.ಎಂ.ಪಿ.ಒ. ಎಂದಿರುತ್ತಿತ್ತು. ಈ ಪಿ.ಎಂ.ಪಿ.ಒ. ಅಳೆಯಲು ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ. ಕಂಪನಿಯವರು ಬರೆದದ್ದೇ ಲೆಕ್ಕ. ನಿಜವಾಗಿ ನೋಡಬೇಕಾದದ್ದು ಆರ್.ಎಂ.ಎಸ್. ಎಂಬ ನಂಬರ್. ಅದು ಸೆಟ್ಟು ಬಿಡದೆ ಕೊಡಬಲ್ಲ ಶಕ್ತಿ. ಅದೂ ಬರೆದಿಲ್ಲವೇ? ಸೆಟ್ಟಿನ ಬೆನ್ನು ತಿರುಗಿಸಿ ನೋಡಿ. ಕರೆಂಟು ಎಷ್ಟು ಎಳೆಯುತ್ತದೆ ಎಂದು ಅಲ್ಲಿ ಬರೆದಿರುತ್ತದೆ. 40 ವ್ಯಾಟು ಎಳೆಯುವ ಸೆಟ್ಟು ಸಾವಿರ ವ್ಯಾಟಿನಲ್ಲಿ ಹಾಡಲು ಸಾಧ್ಯವಿಲ್ಲ. ಒಂದು ಲೀಟರ್ ಹಾಲು ಹಿಂಡುವ ಎಮ್ಮೆಯಿಂದ ಡೇರಿಗೆ ಹತ್ತು ಲೀಟರ್ ಹಾಕಿದರೆ ಉಳಿದದ್ದು ಏನು ಎಂದು ನಿಮಗೆ ಹೇಳಿಕೊಡಬೇಕಿಲ್ಲ.

ರಿಪೇರಿ ಅಂಗಡಿಗಳಲ್ಲಿ ‘4440 ಬೋರ್ಡು’ ಎಂದರೆ ಗೊತ್ತಿಲ್ಲದವರಿಲ್ಲ. 12 ವೋಲ್ಟಿಗೆ ಓಡುತ್ತದೆ, ಬ್ಯಾಟರಿಗೂ ಹಾಕಬಹುದು, ಅಗ್ಗ. ಅದರಲ್ಲಿರುವ ಚಿಪ್ಪಿನ ನಿಜವಾದ ಶಕ್ತಿ ಒಂದು ಬದಿಗೆ ಸುಮಾರು 6 ವ್ಯಾಟು, ಎರಡೂ ಬದಿ ಒಟ್ಟುಗೂಡಿಸಿ ಒಂದೇ ಸ್ಪೀಕರಿಗೆ ಕೊಟ್ಟರೆ 19 ವ್ಯಾಟು. ಅದನ್ನೇ ನೂರು ವ್ಯಾಟು ಎಂದು ಮಾರುವವರಿದ್ದಾರೆ. ತಮಾಷೆ ಎಂದರೆ ಒಂದು ಕೋಣೆಗೆ ಆ ಆರು ವ್ಯಾಟೇ ಧಾರಾಳ.

ಹೇಗೆ ಎಂದರೆ, ಮನೆಯ ಸಾಧಾರಣ ಸ್ಪೀಕರಿಗೆ ಒಂದೇ ಒಂದು ವ್ಯಾಟು ಕೊಟ್ಟರೂ ಒಂದು ಮೀಟರ್ ದೂರದಲ್ಲಿ 85ರಿಂದ 90 ಡೆಸಿಬೆಲ್ ಸದ್ದು ಬರುತ್ತದೆ. 10 ವ್ಯಾಟಿನ ಬದಲು 20 ವ್ಯಾಟಿನ ಸೆಟ್ಟು ತಂದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ‘ಸ್ವಲ್ಪ ಜಾಸ್ತಿ’ ಅನ್ನಿಸುತ್ತದೆ ಅಷ್ಟೆ. ಸದ್ದು ಎರಡು ಪಟ್ಟಾಯಿತು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟು ಬೇಕು. ಇದು ಗೊತ್ತಿಲ್ಲದೆ ಪ್ರತಿ ಐದಾರು ವರ್ಷಕ್ಕೆ ಹಳೆಯದನ್ನು ಗುಜರಿಗೆ ಹಾಕಿ ದೊಡ್ಡ ನಂಬರಿನ ಡಬ್ಬಿ ತರುತ್ತೇವೆ. ಟೇಪಿನವರ ಮನೆಯಲ್ಲಿ ಇವತ್ತು ಹಾಡುತ್ತಿರುವುದು ಕೊನೆಯ 36,000ದ ಸಾಮಾನು. ಅದೂ ಸೆಕೆಂಡ್ ಹ್ಯಾಂಡ್, ನಂಬರ್ ಚಿಕ್ಕದು, ದನಿ ಚೊಕ್ಕ. 1993ರ ಟೂ ಇನ್ ಒನ್ ಗುಜರಿಯವನಿಗೆ ನೂರು ರೂಪಾಯಿಗೆ ಹೋಗಿದೆ.

ಕಂತಿನ ಬಗ್ಗೆಯೂ ಒಂದು ಮಾತು ಹೇಳಬೇಕು. ‘ಸೊನ್ನೆ ಬಡ್ಡಿ’ ಎಂದು ಬೋರ್ಡು ಹಾಕಿರುತ್ತಾರೆ. ಇಂಥ ಯೋಜನೆಗಳಲ್ಲಿ ಬಡ್ಡಿಯನ್ನು ಪ್ರೊಸೆಸಿಂಗ್ ಶುಲ್ಕದ ಹೆಸರಿನಲ್ಲಿ ಅಡಗಿಸಿ ವಸೂಲಿ ಮಾಡಲಾಗುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಸಿತ್ತು. ನಗದು ಕೊಟ್ಟರೆ ಎಷ್ಟು, ಕಂತಾದರೆ ಶುಲ್ಕ ಸೇರಿ ಎಷ್ಟು, ಎರಡನ್ನೂ ಒಂದೇ ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದ ಅಂಗಡಿಯಿಂದ ಎದ್ದು ಬನ್ನಿ. ಹೆಣ್ಣುಮಕ್ಕಳ ಸಂಘದಲ್ಲಿ ‘ಎಮ್ಮೆ ತರಲಿಕ್ಕೆ’ ಎಂದು ಸಾಲ ಎತ್ತಿಸಿ ಸೌಂಡ್ ಸೆಟ್ಟು ತಂದ ಮನೆಗಳನ್ನು ನಾವು ನೋಡಿದ್ದೇವೆ. ವಾರದ ಕಂತು ಕಟ್ಟುವವಳು ಒಬ್ಬಳು, ವಾಲ್ಯೂಮ್ ತಿರುಗಿಸುವವನು ಇನ್ನೊಬ್ಬ. ಇದನ್ನು ಹವ್ಯಾಸ ಎಂದು ನಾವು ಒಪ್ಪುವುದಿಲ್ಲ.

ಟ್ರ್ಯಾಕ್ಟರ್ ಸೌಂಡಿನ ವಿಷಯ ಎತ್ತಿದರೆ ಪುಟ ಸಾಲದು. ಕಬ್ಬಿನ ಗಾಡಿಯ ಡ್ರೈವರಿಗೆ ಹಿಂದಿನಿಂದ ಬಂದ ಗಾಡಿಯ ಹಾರ್ನ್ ಕೇಳದಷ್ಟು ಸದ್ದು ಇಟ್ಟುಕೊಳ್ಳುವುದಕ್ಕೂ ಹಾಡು ಕೇಳುವುದಕ್ಕೂ ಸಂಬಂಧವಿಲ್ಲ ಎಂದು ಹೇಳಿ ಮುಂದೆ ಹೋಗುತ್ತೇವೆ.

ನಗರದ ದೊಡ್ಡ ಹವ್ಯಾಸಿಗಳು ಬುದ್ಧಿವಂತರು ಎಂದು ತಿಳಿಯಬೇಡಿ. ಅವರು ನಂಬರಿಗೆ ಮೋಸ ಹೋಗುವುದಿಲ್ಲ, ವೈರಿಗೆ ಹೋಗುತ್ತಾರೆ. ಸ್ಪೀಕರಿಗೆ ಹಾಕುವ ಒಂದು ಜೊತೆ ವೈರಿಗೆ ಹತ್ತಾರು ಸಾವಿರ, ಕೆಲವರು ಲಕ್ಷವನ್ನೂ ಕೊಡುತ್ತಾರೆ. ಸಾಕಷ್ಟು ದಪ್ಪದ ಮಾಮೂಲಿ ತಾಮ್ರದ ವೈರು ಮನೆಯ ಅಳತೆಗೆ ಅದೇ ಕೆಲಸ ಮಾಡುತ್ತದೆ. ಅವರ ತಪ್ಪಿಗೆ ಸಂಬಳ ಇದೆ, ನಮ್ಮದಕ್ಕೆ ಮಳೆ ಬರಬೇಕು. ನಮ್ಮ ಮಟ್ಟಿಗೆ ವ್ಯತ್ಯಾಸ ಇಷ್ಟೇ.

ಕಿವಿಯ ಖರ್ಚನ್ನು ಯಾರೂ ಬರೆದಿಡುವುದಿಲ್ಲ. 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜನವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಪಕ್ಕದ ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಓದುವ ಹುಡುಗಿ ಇದ್ದರೆ ಆಕೆ ಡೆಸಿಬೆಲ್ ಅಳೆಯುವುದಿಲ್ಲ, ಕಿಟಕಿ ಮುಚ್ಚುತ್ತಾಳೆ.

ಇಷ್ಟಾಗಿಯೂ ಸೆಟ್ಟು ತರಬೇಡಿ ಎಂದು ನಾವು ಹೇಳುವುದಿಲ್ಲ. ತರುವಾಗ ನಿಮಗೆ ಬಾಯಿಪಾಠವಾದ ಒಂದು ಹಾಡನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಅಂಗಡಿಯವರು ಜೋರಾಗಿ ಹಾಕುತ್ತಾರೆ, ನೀವು ಸಣ್ಣಗೆ ಹಾಕಿಸಿ. ಸಣ್ಣಗೆ ಹಾಕಿದಾಗಲೂ ಮಾತು ಬಿಡಿಬಿಡಿಯಾಗಿ, ತಬಲಾ ಬೇರೆ, ಹಾರ್ಮೋನಿಯಂ ಬೇರೆ ಎಂದು ಕೇಳಿದರೆ ಅದು ಒಳ್ಳೆಯ ಸೆಟ್ಟು. ದುಡ್ಡಿನ ಹೆಚ್ಚು ಪಾಲು ಸ್ಪೀಕರಿಗೆ ಹೋಗಲಿ, ದೀಪಗಳಿಗೆ ಬೇಡ. ಕೆಟ್ಟರೆ ರಿಪೇರಿ ಮಾಡಿಸಿ. ಹರಿದ ವೂಫರಿಗೆ ಹೊಸ ಕಾಗದದ ಕೋನ್ ಕೂರಿಸುವವರು ಪೇಟೆಯಲ್ಲಿ ಇನ್ನೂ ಒಬ್ಬಿಬ್ಬರಿದ್ದಾರೆ. ಉಳಿದವರು ಮೊಬೈಲ್ ಡಿಸ್‌ಪ್ಲೇ ಹಾಕುವ ಕೆಲಸಕ್ಕೆ ಹೋದರು. ಇವರೂ ಹೋದ ಮೇಲೆ ಹೊಸದು ಕೊಳ್ಳುವುದೊಂದೇ ದಾರಿ ಉಳಿಯುತ್ತದೆ, ಅಂಗಡಿಯವರಿಗೆ ಬೇಕಾದ್ದೂ ಅದೇ.

ನಿಮ್ಮ ಮನೆಯಲ್ಲೂ ಮೊದಲ ರೇಡಿಯೊದಿಂದ ಹಿಡಿದು ಈಗಿನ ಬ್ಲೂಟೂತ್ ಡಬ್ಬಿಯವರೆಗೆ ಒಂದು ಲೆಕ್ಕ ಹಾಕಿ ನಮಗೆ ಬರೆದು ಕಳಿಸಿ. ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದರೆ ಮೊತ್ತ ಸರಿಯಾಗಿ ಬರುತ್ತದೆ.