ಒಳಿತಿನ ಓಟದಲ್ಲಿ ನಾವೂ ಇರೋಣ

ಕಳೆದ ವರ್ಷ ನಮ್ಮೂರಿನಲ್ಲಿ ಸಹಾಯಾರ್ಥ ಓಟವೊಂದು ನಡೆಯಿತು. ಅದು ಸ್ಪರ್ಧೆಯಲ್ಲ, 3 ಕಿಲೋಮೀಟರ್ ದೂರವನ್ನು ಓಡಬಲ್ಲವರು ಓಡುವುದು, ಉಳಿದವರು ನಡೆಯುವುದು. ಸಂಗ್ರಹವಾದ ಹಣ ಬಡ ರೋಗಿಗಳ ಡಯಾಲಿಸಿಸ್‌ಗೆ ಮೀಸಲಾಗಿತ್ತು. ಹಿಂದಿನ ದಿನ ಮದ್ರಸದ ವಿದ್ಯಾರ್ಥಿಯೊಬ್ಬ, "ಉಸ್ತಾದ್, ನಾನೂ ಹೋಗಲೇ?" ಎಂದು ಕೇಳಿದ. "ದಾನ ಮಾಡುವುದಿದ್ದರೆ ಹಣ ಕೊಟ್ಟರಾಯಿತು, ಬೀದಿಯಲ್ಲಿ ಓಡುವುದೇಕೆ?" ಎಂದೆವು. ಅವನು ಹೋಗಲಿಲ್ಲ. ಹಣವನ್ನು ಅವನೂ ಕೊಡಲಿಲ್ಲ, ನಾವೂ ಕೊಡಲಿಲ್ಲ.

ಕೆಲವು ವಾರಗಳ ಬಳಿಕ, ಆ ನಿಧಿಯಿಂದ ನೆರವು ಪಡೆದವರಲ್ಲಿ ನಮ್ಮ ಜಮಾಅತಿನ ವೃದ್ಧರೊಬ್ಬರೂ ಇದ್ದರೆಂದು ತಿಳಿಯಿತು. ಡಯಾಲಿಸಿಸ್ ಎಂದರೆ ಸಾಮಾನ್ಯವಾಗಿ ವಾರಕ್ಕೆ 3 ಬಾರಿ, ಪ್ರತಿ ಬಾರಿ ಸುಮಾರು 4 ಗಂಟೆ ಯಂತ್ರದ ಪಕ್ಕದಲ್ಲಿ ಮಲಗುವುದು. ಬಡವನ ಮನೆಯಲ್ಲಿ ಖರ್ಚು ಏರುತ್ತದೆ, ದುಡಿಮೆ ನಿಲ್ಲುತ್ತದೆ. ಆ ಹಿರಿಯರಿಗಾಗಿ ಓಡಿದವರು ನೆರೆಕೇರಿಯ ಹಿಂದೂ, ಕ್ರೈಸ್ತ ಸಹೋದರರು. ನಮ್ಮ ಮೊಹಲ್ಲಾದಿಂದ ಒಂದು ಹೆಜ್ಜೆಯೂ ಬಿದ್ದಿರಲಿಲ್ಲ.

ಓಟವು ನಮ್ಮ ಗಾಂಭೀರ್ಯಕ್ಕೆ ತಕ್ಕುದಲ್ಲವೆಂದು ಭಾವಿಸುವವರಿದ್ದಾರೆ. ಆದರೆ ಪ್ರವಾದಿ(ಸ)ರು ಪ್ರಯಾಣವೊಂದರಲ್ಲಿ ಆಯಿಶಾ(ರ)ರೊಂದಿಗೆ ಓಡಿದ್ದರು. ಮೊದಲ ಬಾರಿ ಆಯಿಶಾ(ರ) ಗೆದ್ದರು. ಕಾಲಾನಂತರ ಮತ್ತೊಮ್ಮೆ ಓಡಿದಾಗ ಪ್ರವಾದಿ(ಸ)ರು ಗೆದ್ದು ನಗುನಗುತ್ತಾ ಲೆಕ್ಕ ಚುಕ್ತಾ ಮಾಡಿದರು. ಸಲಮಾ ಬಿನ್ ಅಕ್ವಅ್(ರ) ಪ್ರವಾದಿವರ್ಯರ ಅನುಮತಿ ಪಡೆದೇ ಮದೀನಾದವರೆಗೆ ಪಂದ್ಯ ಓಡಿದ್ದರು. ಇನ್ನು ಹಜ್ಜ್ ಮತ್ತು ಉಮ್ರಾದಲ್ಲಿ ನಾವು ನೆನೆಯುವುದಾದರೂ ಏನನ್ನು? ಬಾಯಾರಿದ ಕಂದನಿಗಾಗಿ ಸಫಾ ಮರ್ವಾಗಳ ನಡುವೆ ಏಳು ಬಾರಿ ಧಾವಿಸಿದ ಹಾಜರಾ(ಅ)ರನ್ನಲ್ಲವೇ? ಆ ಏಳು ನಡಿಗೆಗಳ ದೂರವೂ ಸುಮಾರು 3 ಕಿಲೋಮೀಟರೇ. ಒಂದು ಜೀವಕ್ಕಾಗಿ ಓಡಿದ ತಾಯಿಯ ಹೆಜ್ಜೆಗಳನ್ನು ಅಲ್ಲಾಹನು ಆರಾಧನೆಯಾಗಿ ಉಳಿಸಿದ್ದಾನೆ.

"ಇದು ನಮ್ಮವರು ಏರ್ಪಡಿಸಿದ್ದಲ್ಲ" ಎಂಬುದು ಇನ್ನೊಂದು ಆಕ್ಷೇಪ. ಮಕ್ಕಾದಲ್ಲಿ ಅನ್ಯಾಯಕ್ಕೊಳಗಾದವರ ಪರವಾಗಿ ನಿಲ್ಲಲು ಅಬ್ದುಲ್ಲಾ ಬಿನ್ ಜುದ್‌ಆನನ ಮನೆಯಲ್ಲಿ 'ಹಿಲ್ಫುಲ್ ಫುಝೂಲ್' ಎಂಬ ಒಪ್ಪಂದವಾದಾಗ, ಪ್ರವಾದಿತ್ವಕ್ಕೆ ಮುನ್ನವೇ ಮುಹಮ್ಮದ್(ಸ)ರು ಅದರಲ್ಲಿ ಭಾಗಿಯಾಗಿದ್ದರು. ಇಸ್ಲಾಮ್ ಬಂದ ಮೇಲೂ ಅಂತಹ ಕರೆ ಬಂದರೆ ಓಗೊಡುವೆನೆಂದು ಅವರು ಹೇಳಿದ್ದರು. ಕರೆದವನು ಯಾರೆಂಬುದಕ್ಕಿಂತ ಯಾವುದಕ್ಕೆ ಕರೆದನೆಂಬುದೇ ಅಲ್ಲಿ ಮುಖ್ಯವಾಗಿತ್ತು. ಒಳಿತಿನಲ್ಲಿ ಸಹಕರಿಸಿರಿ, ಪಾಪದಲ್ಲಿ ಸಹಕರಿಸದಿರಿ ಎಂಬುದೇ ಕುರ್‌ಆನಿನ ಬೋಧನೆ.

ಹಾಗೆಂದು ಎಚ್ಚರವನ್ನು ಬಿಡಬೇಕಾಗಿಲ್ಲ. ಓಟ ಮುಂಜಾನೆಯದಾದರೆ ಫಜ್ರ್ ನಮಾಝ್ ಮೊದಲು, ಓಟ ಆಮೇಲೆ. ಉಡುಪಿನಲ್ಲಿ ಲಜ್ಜೆಯಿರಲಿ, ಈ ನಿಯಮ ಹೆಣ್ಣುಮಕ್ಕಳಿಗೆ ಮಾತ್ರವಲ್ಲ, ಗಂಡುಮಕ್ಕಳಿಗೂ ಇದೆ. ತಾಯಂದಿರು, ಸಹೋದರಿಯರು ಕುಟುಂಬದೊಂದಿಗೆ ಗುಂಪಾಗಿ ನಡೆಯಬಹುದು. ಪ್ರವೇಶ ಶುಲ್ಕವನ್ನು ಝಕಾತಿನ ಲೆಕ್ಕಕ್ಕೆ ಸೇರಿಸಬೇಡಿ. ಝಕಾತ್ ಸಲ್ಲಬೇಕಾದ ಎಂಟು ವರ್ಗಗಳನ್ನು ಕುರ್‌ಆನ್ ಗೊತ್ತುಪಡಿಸಿದೆ. ಇದು ಸದಕಾ ಆಗಿರಲಿ. ಹಣ ಎಲ್ಲಿಗೆ ಹೋಗುತ್ತದೆಂದು ಸಂಘಟಕರನ್ನು ಕೇಳುವುದೂ ತಪ್ಪಲ್ಲ.

ತೋರಿಕೆಯ ಭಯವೂ ಸಹಜವೇ. ಬಹಿರಂಗ ದಾನವನ್ನು ಕುರ್‌ಆನ್ ಒಳ್ಳೆಯದೆನ್ನುತ್ತದೆ, ಬಡವರಿಗೆ ಗುಪ್ತವಾಗಿ ಕೊಡುವುದನ್ನು ಇನ್ನೂ ಉತ್ತಮವೆನ್ನುತ್ತದೆ. ಆದ್ದರಿಂದ ಓಡಿದ ಬಳಿಕ ಪದಕದ ಚಿತ್ರವನ್ನು ಎಲ್ಲರಿಗೂ ಕಳುಹಿಸುವ ಬದಲು, ಯಾರಿಗೂ ತಿಳಿಯದಂತೆ ಇನ್ನಷ್ಟು ಹಣವನ್ನು ನೀಡೋಣ. ಆದರೆ ಗುಪ್ತದಾನವೇ ಶ್ರೇಷ್ಠವೆಂದು ಹೇಳುತ್ತಾ ಏನನ್ನೂ ಕೊಡದೆ ಕುಳಿತವರ ಸಾಲಿನಲ್ಲಿ ಕಳೆದ ವರ್ಷ ನಾವಿದ್ದೆವು. ಅಲ್ಲಿಗೆ ಮರಳುವ ಇಚ್ಛೆ ನಮಗಿಲ್ಲ.

ನೆರೆಕೇರಿಯವರೂ ನಾವೂ ಒಬ್ಬರನ್ನೊಬ್ಬರು ಮೊಬೈಲ್ ಪರದೆಯಲ್ಲೇ ಹೆಚ್ಚು ನೋಡುತ್ತಿರುವ ಕಾಲವಿದು. ಒಬ್ಬ ರೋಗಿಗಾಗಿ ಜೊತೆಯಾಗಿ ಬೆವರು ಹರಿಸಿದವರು ಮರುದಿನ ಸಂತೆಯಲ್ಲಿ ಭೇಟಿಯಾದಾಗ ಮುಖ ತಿರುಗಿಸಲಾರರು.

ಈ ವರ್ಷವೂ ಓಟವಿದೆ. ಆ ವಿದ್ಯಾರ್ಥಿಯನ್ನು ಕರೆದು ನಮ್ಮ ಮಾತನ್ನು ಹಿಂತೆಗೆದುಕೊಂಡಿದ್ದೇವೆ. ಅವನು ಓಡುತ್ತಾನೆ, ಮಂಡಿನೋವಿನ ನಾವು ಹಿಂದಿನಿಂದ ನಡೆಯುತ್ತೇವೆ. ಅಲ್ಲಾಹನು ನಮ್ಮ ಸಂಕಲ್ಪವನ್ನು ಶುದ್ಧಗೊಳಿಸಲಿ, ಹೆಜ್ಜೆಗಳನ್ನು ಸ್ವೀಕರಿಸಲಿ. ಆಮೀನ್.