ಕಡೆಗೋಲು ಅಟ್ಟಕ್ಕೆ, ಕನ್ನಡ ಎಲ್ಲಿಗೆ?

ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸಿದರೆ ನಾವು ಕಾಸರಗೋಡಿನವರು ಬೀದಿಗಿಳಿಯುತ್ತೇವೆ. ಇಳಿಯಲೇಬೇಕು. ಆದರೆ ನಮ್ಮ ಅಡುಗೆಮನೆಯಿಂದಲೇ ಕನ್ನಡದ ಮಾತುಗಳು ಒಂದೊಂದಾಗಿ ಹೊರಬೀಳುತ್ತಿವೆಯಲ್ಲ, ಅದಕ್ಕೆ ಯಾರ ಕಚೇರಿ ಎದುರು ಧರಣಿ ಕೂರೋಣ?

ಬೆಣ್ಣೆ ತೆಗೆಯುವುದನ್ನೇ ನೋಡಿ. "ಪ್ಯಾಕೆಟ್ ಬೆಣ್ಣೆ ಸಿಗುವಾಗ ಮಕ್ಕಳಿಗೆ ಈ ಹಳೇ ಕೆಲಸ ಯಾಕೆ ಮಾಷ್ಟ್ರೇ?" ಎನ್ನುವ ಹೆತ್ತವರಿದ್ದಾರೆ. ಯಾಕೆಂದರೆ ಅದು ವಿಜ್ಞಾನದ ಪಾಠ!

ಕೆನೆಮೊಸರು ಕಡೆದಾಗ ಕೊಬ್ಬಿನ ಕಣಗಳ ಸುತ್ತಲಿನ ತೆಳುಪೊರೆ ಹರಿಯುತ್ತದೆ. ಕಣಗಳು ಒಂದಕ್ಕೊಂದು ಅಂಟಿ, ನೀರಿಗಿಂತ ಹಗುರವಾದ್ದರಿಂದ ಮೇಲೆ ತೇಲುತ್ತವೆ. ಸೆಕೆ ಹೆಚ್ಚಾದರೆ ಕೊಬ್ಬು ಕರಗಿ ಮುದ್ದೆ ಕಟ್ಟದು. ತೀರಾ ತಣ್ಣಗಾದರೆ ಕಣಗಳು ಗಟ್ಟಿಯಾಗಿ ಅಂಟಿಕೊಳ್ಳವು. ಅಜ್ಜಿಯಂದಿರು ಬೇಸಗೆಯಲ್ಲಿ ತಣ್ಣೀರು, ಚಳಿಯಲ್ಲಿ ಉಗುರುಬೆಚ್ಚನೆಯ ನೀರು ಹೊಯ್ಯುವುದು ಇದಕ್ಕೇ. ಥರ್ಮಾಮೀಟರ್ ಅವರ ಬೆರಳತುದಿಯಲ್ಲಿತ್ತು.

ಲೆಕ್ಕವೂ ಇದೆ. ದನದ ಹಾಲಿನಲ್ಲಿ ಕೊಬ್ಬು ಶೇಕಡಾ 4 ಎಂದಿಟ್ಟುಕೊಳ್ಳಿ. 10 ಲೀಟರಿಗೆ ಸುಮಾರು 400 ಗ್ರಾಂ. ಬೆಣ್ಣೆಯಲ್ಲಿ ಕೊಬ್ಬು ಸುಮಾರು ಶೇಕಡಾ 80, ಉಳಿದದ್ದು ಹೆಚ್ಚಿನಂಶ ನೀರು. ಹಾಗಾದರೆ ಬೆಣ್ಣೆ ಎಷ್ಟು? ಹೆಚ್ಚೆಂದರೆ ಅರ್ಧ ಕಿಲೋ. ಶೇಕಡಾವಾರು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಇನ್ನು ಭಾಷೆ. ಹೆಪ್ಪು, ಕೆನೆ, ಕಡೆಯುವುದು, ಮಜ್ಜಿಗೆ: ಕೆಲಸ ನಿಂತರೆ ಇವುಗಳಲ್ಲಿ ಎಷ್ಟು ಉಳಿದಾವು? ನಮ್ಮ ತರಗತಿಯಲ್ಲಿ ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ, ಮಲಯಾಳ ಆಡುವ ಮಕ್ಕಳೆಲ್ಲ ಇದ್ದಾರೆ. ತುಳುವಿನಲ್ಲಿ ಮಜ್ಜಿಗೆಗೆ ಅಳೆ. ಕನ್ನಡದ ಕಡೆಗೋಲು ಮಲಯಾಳದಲ್ಲಿ ಕಡಕೋಲ್. ಕಣ್ಣೆದುರು ಕಂಬಕ್ಕೆ ಕಟ್ಟಿದ ಕಡೆಗೋಲಿದ್ದರೆ ಮಕ್ಕಳೇ ಪದಗಳನ್ನು ಹೋಲಿಸುತ್ತಾರೆ. ಪುಸ್ತಕದಲ್ಲಿ "ಮಂಥನ" ಎಂದು ಅಚ್ಚು ಹಾಕಿ ಕಂಠಪಾಠ ಮಾಡಿಸಿದರೆ ಏನು ಬಂತು? ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ!

ಮಿಕ್ಸಿ ಎಸೆಯಿರಿ ಎಂದು ನಾವು ಹೇಳುತ್ತಿಲ್ಲ. ದಿನವೂ ಹಗ್ಗ ಎಳೆದವರ ರಟ್ಟೆನೋವು ನಮಗೆ ಗೊತ್ತು. ಎಳೆದವರು ಹೆಚ್ಚಾಗಿ ಹೆಂಗಸರೇ ಎಂಬುದೂ ಗೊತ್ತು. ಆದ್ದರಿಂದಲೇ ಶಾಲೆಯಲ್ಲಿ ಮೊದಲು ಹುಡುಗರು ಎಳೆಯಲಿ.

ರಕ್ಷಕ-ಶಿಕ್ಷಕ ಸಂಘದವರಲ್ಲಿ ನಮ್ಮ ಬೇಡಿಕೆ ಚಿಕ್ಕದು. ವರ್ಷಕ್ಕೊಂದು ದಿನ ಕೊಡಿ. ಒಬ್ಬರು ಅಜ್ಜಿಯನ್ನು ಅಧ್ಯಾಪಕಿಯಾಗಿ ಕರೆಯಿರಿ. ಒಂದು ಭರಣಿ ಕೆನೆಮೊಸರು ಸಾಕು. ಅಟ್ಟದ ಮೇಲಿನ ಕಡೆಗೋಲು ಇಳಿಸಿ ಕಳುಹಿಸಿ, ಹಗ್ಗ ನಾವು ತರುತ್ತೇವೆ.