ಮೆಟ್ಟಿಲ ಕೆಳಗಿನ ಎಲುಬು

ಭಕ್ತಿ ಚಳವಳಿ ಜಾತಿಯನ್ನು ಸುಟ್ಟುಹಾಕಿತು ಅಂತ ನಮಗೆ ಶಾಲೆಯಲ್ಲಿ ಹೇಳಿಕೊಟ್ಟರು. ಪರೀಕ್ಷೆಯಲ್ಲಿ ನಾವೂ ಹಾಗೇ ಬರೆದೆವು. ಐದಕ್ಕೆ ಐದು ಅಂಕ ಬಿತ್ತು. ಅಂಕಪಟ್ಟಿ ಹಿಡಿದು ಊರಿಗೆ ಬಂದರೆ, ಸುಟ್ಟು ಬೂದಿಯಾಗಿದ್ದ ಜಾತಿ ಹನುಮಪ್ಪನ ಗುಡಿಕಟ್ಟೆಯ ಮೇಲೆ ಕಾಲು ಚಾಚಿ ಎಲೆಅಡಿಕೆ ಜಗಿಯುತ್ತಾ ಕೂತಿತ್ತು. 'ಏನಲೇ, ಬಿ.ಎ. ಪಾಸಾದಿಯಂತ? ಅಲ್ಲೇ ನಿಂತು ಮಾತಾಡು' ಅಂದಿತು.

ಆ ಕಟ್ಟೆಯ ಮುಂದಿನಿಂದಲೇ ಪ್ರತಿ ಆಷಾಢಕ್ಕೆ ಪಂಢರಪುರದ ದಿಂಡಿ ಹೋಗುತ್ತದೆ. ತಾಳ, ಮೃದಂಗ, ಭಗವಾ ಪತಾಕೆ. ಹಾಡುವವರ ಬಾಯಲ್ಲಿ ಚೋಖಾಮೇಳಾನ ಹೆಸರೂ ಬರುತ್ತದೆ. ಚೋಖಾಮೇಳಾ ಮಹಾರ. ಅಂದರೆ ನಮ್ಮವನು. ಅವನ ಹಾಡು ಹೇಳುತ್ತಾ ಬಂದ ಮಂದಿ ನಮ್ಮ ಕೇರಿ ಬಂದಾಗ ಮಾತ್ರ ನೀರಿಗೆ ನಿಲ್ಲುವುದಿಲ್ಲ. ಹಾಡಿಗೆ ಮೈಲಿಗೆ ಇಲ್ಲ, ಕೊಡಕ್ಕೆ ಇದೆ.

ನಮ್ಮ ಅಜ್ಜಿಯರು ಆ ದಿಂಡಿ ಕಣ್ಣಿಗೆ ಮರೆಯಾಗುವ ತನಕ ಕೈಮುಗಿದು ನಿಂತಿರುತ್ತಿದ್ದರು. ಅವರನ್ನು ನೋಡಿ ನಾವು ನಗುವುದಿಲ್ಲ. ನಮ್ಮ ಜಗಳ ಆ ಕೈಗಳ ಜೊತೆ ಅಲ್ಲ. ಆ ಕೈಗಳನ್ನು ಶತಮಾನಗಟ್ಟಲೆ ಮೆಟ್ಟಿಲ ಕೆಳಗೆ ನಿಲ್ಲಿಸಿ, 'ನೋಡಿ, ಎಂಥ ಸಮಾನತೆ!' ಅಂತ ಪುಸ್ತಕ ಬರೆದವರ ಜೊತೆ.

ಹಾಗಾದರೆ ಈ ವಿಠ್ಠಲ ಯಾರವನು? ಮೊದಲು ಇದನ್ನೇ ಕೇಳೋಣ.

ಮರಾಠಿಯ ಸಂಶೋಧಕ ರಾ.ಚಿಂ. ಢೇರೆಯವರು 1984ರಲ್ಲಿ ವಿಠ್ಠಲನ ಮೇಲೆ ದೊಡ್ಡ ಪುಸ್ತಕವನ್ನೇ ಬರೆದರು. ಅವರ ವಾದ ಸ್ಪಷ್ಟ. ವಿಠ್ಠಲ ಮೊದಲಿಗೆ ವೇದದ ದೇವರಲ್ಲ, ಪುರಾಣದ ದೇವರೂ ಅಲ್ಲ. ದನ, ಕುರಿ ಕಾಯುವ ಗೊಲ್ಲರ, ಕುರುಬರ, ಧನಗರರ ದೇವರು. ಕೊಲ್ಹಾಪುರ ಜಿಲ್ಲೆಯ ಪಟ್ಟಣ ಕೊಡೋಲಿಯಲ್ಲಿ ವಿಠ್ಠಲ, ಬೀರಪ್ಪ ಇಬ್ಬರೂ ಜೋಡಿ ದೇವರಾಗಿ ಇದ್ದಾರೆ. ಬೀರಪ್ಪ ಯಾರು ಅಂತ ಕನ್ನಡದ ಕುರುಬರಿಗೆ ಯಾವ ಪಂಡಿತನೂ ಹೇಳಿಕೊಡಬೇಕಿಲ್ಲ. ಇನ್ನು ಕೆಲವು ವಿದ್ವಾಂಸರು ಈ ದೇವರ ಮೂಲವನ್ನು ವೀರಗಲ್ಲಿನಲ್ಲಿ ಹುಡುಕಿದರು. ದನ ಕಾಯಲು ಹೋಗಿ ಸತ್ತವನಿಗೆ ನೆಟ್ಟ ಕಲ್ಲು ದೇವರಾಯಿತು ಅಂತ. ಎರಡರಲ್ಲಿ ಯಾವುದನ್ನೇ ಒಪ್ಪಿದರೂ, ದೇವರ ಮೈಯಿಂದ ಕುರಿಯ ವಾಸನೆ, ಬೆವರಿನ ವಾಸನೆ ಬರುತ್ತದೆಯೇ ಹೊರತು ಹೋಮದ ಹೊಗೆಯದ್ದಲ್ಲ.

ಆಮೇಲೆ ರಾಜರು ಬಂದರು. 1237ರಲ್ಲಿ ಹೊಯ್ಸಳ ಸೋಮೇಶ್ವರ ಪಂಢರಪುರದ ದೇವರಿಗೆ ದಾನ ಕೊಟ್ಟ. ಆ ಶಾಸನ ಸಂಸ್ಕೃತ ಮತ್ತು ಕನ್ನಡದಲ್ಲಿದೆ. 1273ರಿಂದ 1277ರವರೆಗೆ, ದೇವಗಿರಿಯ ಯಾದವ ರಾಮಚಂದ್ರನ ಕಾಲದಲ್ಲಿ, ಗುಡಿಗೆ ಕೊಟ್ಟವರ ಪಟ್ಟಿಯನ್ನೇ ಕಲ್ಲಿನಲ್ಲಿ ಕೆತ್ತಿದರು. ಆ ರಾಮಚಂದ್ರನ ಮಂತ್ರಿ ಹೇಮಾದ್ರಿ. ವ್ರತ, ದಾನ, ಶ್ರಾದ್ಧ, ಪ್ರಾಯಶ್ಚಿತ್ತಗಳ ಬೆಟ್ಟದಂಥ ಗ್ರಂಥ 'ಚತುರ್ವರ್ಗ ಚಿಂತಾಮಣಿ'ಯನ್ನು ಬರೆಸಿದವನು. ಕುರುಬರ ದೇವರು ಮಂತ್ರಿಗಳ ಕಣ್ಣಿಗೆ ಬಿದ್ದ ಮೇಲೆ ಏನಾಗಬೇಕೋ ಅದಾಯಿತು. ದೇವರು ವಿಷ್ಣುವಾದ. ಗುಡಿ ದೊಡ್ಡದಾಯಿತು. ಬಾಗಿಲು ಬಂತು. ಬಾಗಿಲು ಬಂದ ಮೇಲೆ ಬಾಗಿಲು ಕಾಯುವವನು ಬಂದ. ಕಾಯುವವನು ಬಂದ ಮೇಲೆ ಹೊರಗೆ ನಿಲ್ಲುವವನೂ ಬೇಕಾಯಿತು.

ವಿಠ್ಠಲ ಅನ್ನುವ ಹೆಸರಿನ ಬಗ್ಗೆ ಪಂಡಿತರದು ಒಂದು ಮಾತಿದೆ. ವಿಷ್ಣು ಅನ್ನುವುದು ಕನ್ನಡದ ಬಾಯಲ್ಲಿ ಬಿಟ್ಟಿ ಆಯಿತು, ಬಿಟ್ಟಿ ಮುಂದೆ ವಿಠ್ಠಲ ಆಯಿತು ಅಂತ. ವಿಷ್ಣುವರ್ಧನ ಬಿಟ್ಟಿದೇವ ಆದ ಹಾಗೆ. ಇರಬಹುದು. ಆದರೆ ಸ್ವಾಮಿ, ನಮ್ಮ ಕೇರಿಗೆ ಗೊತ್ತಿರುವ ಬಿಟ್ಟಿ ಬೇರೆ. ಕೂಲಿ ಕೊಡದೆ ದುಡಿಸುವುದು ಬಿಟ್ಟಿ. ಸತ್ತ ದನ ಎಳೆಸುವುದು, ಸಾಹುಕಾರನ ಕಟ್ಟಿಗೆ ಒಡೆಸುವುದು, ಸಾವಿನ ಸುದ್ದಿ ಮುಟ್ಟಿಸಲು ಹತ್ತು ಊರು ಓಡಿಸುವುದು ಬಿಟ್ಟಿ. ಚೋಖಾಮೇಳಾನ ಬದುಕಿನಲ್ಲಿ ಈ ಎರಡು ಬಿಟ್ಟಿಗಳೂ ಕೂಡಿಕೊಂಡವು. ಬಾಯಲ್ಲಿ ಒಂದು, ಬೆನ್ನ ಮೇಲೆ ಇನ್ನೊಂದು.

ಅವನ ಕಾಲದಲ್ಲಿ ಪಂಢರಪುರದಲ್ಲಿ ದೊಡ್ಡ ಕೆಲಸವೊಂದು ನಡೆಯಿತು. ಅದನ್ನು ನಾವು ಸಣ್ಣದು ಮಾಡುವುದಿಲ್ಲ. ಬಹಿಷ್ಕಾರ ಹಾಕಿಸಿಕೊಂಡ ಬ್ರಾಹ್ಮಣನ ಮಗ ಜ್ಞಾನೇಶ್ವರ 1290ರಲ್ಲಿ ಗೀತೆಯನ್ನು ಜನರ ಮರಾಠಿಗೆ ತಂದ. ಸಿಂಪಿಗ ನಾಮದೇವ, ಕುಂಬಾರ ಗೋರಾ, ಮಾಳಿ ಸಾವತಾ, ಅಕ್ಕಸಾಲಿಗ ನರಹರಿ, ಮನೆಗೆಲಸದ ಜನಾಬಾಯಿ, ಇವರೆಲ್ಲ ಹಾಡಿದರು. ಸಂಸ್ಕೃತದ ಬೀಗ ಮುರಿಯಿತು. ಮಹಾರರ ಒಂದೇ ಗುಡಿಸಲಿನಿಂದ ಐದು ಜನ ಹಾಡಿದರು. ಚೋಖಾಮೇಳಾ, ಹೆಂಡತಿ ಸೋಯರಾಬಾಯಿ, ತಂಗಿ ನಿರ್ಮಳಾ, ಅವಳ ಗಂಡ ಬಂಕಾ, ಮಗ ಕರ್ಮಮೇಳಾ. ಯಾವ ರಾಜನ ಆಸ್ಥಾನದಲ್ಲಿ ಒಂದೇ ಮನೆಯ ಐದು ಕವಿಗಳಿದ್ದರು, ತೋರಿಸಿ ನೋಡೋಣ!

ಆದರೆ ಗುಡಿಯ ಒಳಗೆ ಈ ಐವರೂ ಇರಲಿಲ್ಲ. ಚೋಖಾನ ಹಾಡುಗಳನ್ನು ಬರೆದುಕೊಂಡವನು ಅನಂತಭಟ್ಟ ಅಂತ ಹೇಳುತ್ತಾರೆ. ಬಾಯಿ ನಮ್ಮದು, ಲೇಖನಿ ಅವರದು. ಬರೆಯುವಾಗ ಏನು ಉಳಿಯಿತು, ಏನು ಜಾರಿತು, ಅದನ್ನು ಹೇಳಲು ಚೋಖಾ ಈಗ ಇಲ್ಲ.

ಅವನು ಸತ್ತದ್ದು 1338ರಲ್ಲಿ, ಮಂಗಳವೇಢೆಯಲ್ಲಿ. ಗೋಡೆ ಕಟ್ಟುವ ಕೆಲಸಕ್ಕೆ ಮಹಾರರನ್ನು ಹಚ್ಚಿದ್ದರು. ಗೋಡೆ ಕುಸಿಯಿತು. ಕೂಲಿಗಳು ಅಡಿಯಲ್ಲಿ ಸಿಕ್ಕಿ ಸತ್ತರು. ನಾಮದೇವ ಹೋಗಿ ಕಲ್ಲುಮಣ್ಣಿನ ರಾಶಿಯಲ್ಲಿ ಯಾವ ಎಲುಬಿನಿಂದ ವಿಠ್ಠಲ ವಿಠ್ಠಲ ಅನ್ನುವ ದನಿ ಬರುತ್ತದೋ ಅದನ್ನು ಆರಿಸಿ ತಂದು ಪಂಢರಪುರದ ಮಹಾದ್ವಾರದ ಮುಂದೆ ಹೂತ, ಅಂತ ಸಂಪ್ರದಾಯ ಹೇಳುತ್ತದೆ. ಸಮಾಧಿ ಇವತ್ತೂ ಅಲ್ಲೇ ಇದೆ. ಒಳಗಲ್ಲ, ಹೊರಗೆ. ಸತ್ತ ಮೇಲೂ, ಬರೀ ಎಲುಬಾದ ಮೇಲೂ, ಹೊರಗೇ. ಉಳಿದ ಎಲುಬುಗಳ ಸುದ್ದಿ ಯಾವ ಸಂತಚರಿತ್ರೆಯಲ್ಲೂ ಇಲ್ಲ. ಅವು ಹಾಡಲಿಲ್ಲವಲ್ಲ!

ಈ ಮಂಗಳವೇಢೆ ಯಾವ ಊರು ಗೊತ್ತೇ? ಕಲ್ಯಾಣಕ್ಕೆ ಮೊದಲು ಬಿಜ್ಜಳನ ರಾಜಧಾನಿಯಾಗಿದ್ದ ಮಂಗಳವಾಡ. ಬಸವಣ್ಣ ಲೆಕ್ಕ ಬರೆಯುತ್ತಾ ಕೆಲಸ ಶುರು ಮಾಡಿದ ಊರು. ಚೋಖಾನಿಗಿಂತ ನೂರೈವತ್ತಕ್ಕೂ ಹೆಚ್ಚು ವರ್ಷ ಮುಂಚೆ ಕಲ್ಯಾಣದಲ್ಲಿ ಶರಣರು ಗುಡಿಯನ್ನೇ ಬೇಡ ಅಂದರು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಮಾಡಿದರು. ಆಗ ರಾಜ್ಯ ಏನು ಕೊಟ್ಟಿತು? ಎಳೆಹೂಟೆ. ಪಂಢರಪುರಕ್ಕೆ ಏನು ಕೊಟ್ಟಿತು? ದತ್ತಿ. ಗೆಳೆಯರೇ, ಇದನ್ನು ನೆನಪಿಡಿ. ಭಕ್ತಿ ಬಾಯಲ್ಲಿ ಇರುವ ತನಕ ರಾಜರು ದಾನ ಕೊಡುತ್ತಾರೆ. ಭಕ್ತಿ ಅಡಿಗೆಮನೆಗೆ, ಮದುವೆ ಹಂದರಕ್ಕೆ ಬಂದ ದಿನ ಕತ್ತಿ ಹಿರಿಯುತ್ತಾರೆ. ಆ ಶರಣರ ದಾರಿಯೂ ಮುಂದೆ ಮಠವಾಯಿತು, ಜಾತಿಯಾಯಿತು, ಅದು ಇನ್ನೊಂದು ಜಗಳ. ಅದನ್ನೂ ಆಡೋಣ. ಇವತ್ತಿನದು ಇದು.

ಚೋಖಾ ಸತ್ತ ಮೇಲೆ ಅವನ ಕತೆ ಬರೆಯುವವರು ಬಂದರು. ಹದಿನೆಂಟನೆಯ ಶತಮಾನದ ಮಹೀಪತಿಯ 'ಭಕ್ತವಿಜಯ'ದಲ್ಲಿ ಒಂದು ಪ್ರಸಂಗವಿದೆ. ಚೋಖಾನನ್ನು ಹೊಳೆಯಾಚೆ ಅಟ್ಟಿದ್ದಾರೆ. ವಿಠ್ಠಲ ತಾನೇ ಊಟಕ್ಕೆ ಬರುತ್ತಾನೆ. ಚೋಖಾನ ಹೆಂಡತಿ ಬಡಿಸುವಾಗ ಮೊಸರು ದೇವರ ಬಟ್ಟೆಯ ಮೇಲೆ ಚೆಲ್ಲುತ್ತದೆ. ಇವರ ಮಾತು ಕೇಳಿದ ಬ್ರಾಹ್ಮಣನೊಬ್ಬ ಚೋಖಾನ ಕೆನ್ನೆಗೆ ಹೊಡೆಯುತ್ತಾನೆ. ಗುಡಿಗೆ ಹೋಗಿ ನೋಡಿದರೆ ದೇವರ ಕೆನ್ನೆ ಊದಿದೆ, ಬಟ್ಟೆಯ ಮೇಲೆ ಮೊಸರಿದೆ.

ಕೇಳಿದವರ ಕಣ್ಣಲ್ಲಿ ನೀರು ಬರುತ್ತದೆ. ನಮ್ಮ ಅಜ್ಜಿಯರಿಗೂ ಬರುತ್ತಿತ್ತು. ಆದರೆ ನಾವು ಎರಡಕ್ಷರ ಕಲಿತವರು, ಒಂದು ಪ್ರಶ್ನೆ ಕೇಳುತ್ತೇವೆ. ದೇವರ ಕೆನ್ನೆ ಊದಿತು, ಸರಿ. ಹೊಡೆದ ಕೈಗೆ ಏನಾಯಿತು? ಆ ಕೈ ಮರುದಿನ ಬೆಳಿಗ್ಗೆ ಗಂಟೆ ಬಾರಿಸಲಿಲ್ಲವೇ? ಮೈತುಂಬ ಪವಾಡ ಇರುವ ಕತೆಯಲ್ಲಿ ಒಂದು ಪವಾಡ ಮಾತ್ರ ನಡೆಯುವುದಿಲ್ಲ. ಮಹಾರರಿಗೆ ಬಾಗಿಲು ತೆರೆಯುವುದಿಲ್ಲ. ಉಡುಪಿಯಲ್ಲೂ ಇದೇ ಅಲ್ಲವೇ? ಕುರುಬರ ಕನಕನಿಗಾಗಿ ದೇವರು ತಿರುಗಿದ, ಗೋಡೆ ಬಿರಿಯಿತು ಅಂತಾರೆ. ಕಿಂಡಿ ಆಯಿತು. ಬಾಗಿಲು ಆಗಲಿಲ್ಲ.

ಇನ್ನೊಂದು ಕತೆ ಇದಕ್ಕಿಂತ ಕೆಟ್ಟದ್ದು. ದೇವರು ಬ್ರಾಹ್ಮಣನ ವೇಷದಲ್ಲಿ ಬಂದು ಚೀಪಿ ಕೊಟ್ಟ ಮಾವಿನಹಣ್ಣಿನಿಂದ ಚೋಖಾ ಹುಟ್ಟಿದನಂತೆ! ಕಾಶಿಯ ಚಮ್ಮಾರ ರವಿದಾಸ ಹಿಂದಿನ ಜನ್ಮದಲ್ಲಿ ಬ್ರಾಹ್ಮಣನಂತೆ, ಎದೆಯ ಚರ್ಮದೊಳಗೆ ಜನಿವಾರ ಇತ್ತಂತೆ. ನೇಕಾರ ಕಬೀರ ಬ್ರಾಹ್ಮಣ ವಿಧವೆಯ ಮಗನಂತೆ. ನಮ್ಮಲ್ಲಿ ಒಬ್ಬ ತಲೆ ಎತ್ತಿದರೆ ಮೊದಲು ಅವನ ತಾಯಿಯ ಹೊಟ್ಟೆಯನ್ನೇ ಕದಿಯುತ್ತಾರೆ. ಹೊಲಗೇರಿಯಲ್ಲಿ ಹುಟ್ಟಿದ ಹೆಣ್ಣು ಕವಿಯನ್ನು ಹೆರಲಾರಳು ಅನ್ನುವುದು ಈ ಕತೆಗಳ ಒಳಮಾತು. ಅವ್ವಂದಿರೇ, ಇದಕ್ಕಿಂತ ದೊಡ್ಡ ಅವಮಾನ ಯಾವುದಿದೆ?

ಬಾಬಾಸಾಹೇಬರು ಇದನ್ನು ಗಾಂಧೀಜಿಗೇ ಹೇಳಿದರು. ಸಂತರು ದೇವರ ಮುಂದೆ ಮನುಷ್ಯರೆಲ್ಲ ಒಂದು ಅಂದರು, ಮನುಷ್ಯನ ಮುಂದೆ ಮನುಷ್ಯ ಒಂದು ಅಂತ ಜಾತಿಯ ಮೇಲೆ ಯುದ್ಧ ಹೂಡಲಿಲ್ಲ ಅಂತ. ಅವರ ಮಾತಿಗೆ ಸಾಕ್ಷಿ ಬೇಕಾದವರು ಇರಾವತಿ ಕರ್ವೆಯವರ ಪ್ರಬಂಧ ಓದಲಿ. ಅವರು ದಿಂಡಿಯ ಜೊತೆ ಪಂಢರಪುರಕ್ಕೆ ನಡೆದವರು. ಹಾಡುವಾಗ ಒಂದಾಗಿದ್ದ ಬ್ರಾಹ್ಮಣರೂ ಮರಾಠರೂ ಉಣ್ಣುವಾಗ ಬೇರೆಯಾದದ್ದನ್ನು ಕಣ್ಣಾರೆ ಕಂಡು ಬರೆದರು. ಅವರವರಲ್ಲೇ ಹಾಗಾದರೆ ನಮ್ಮ ಪಾಡೇನು?

ರಮಾಬಾಯಿಯವರಿಗೆ ಪಂಢರಪುರ ನೋಡುವ ಆಸೆಯಿತ್ತು. ದೂರ ನಿಂತು ಕೈಮುಗಿಯಬೇಕಾದ ಪಂಢರಪುರ ನಮಗೇಕೆ, ನಾವು ಬೇರೆ ಪಂಢರಪುರ ಕಟ್ಟೋಣ ಅಂತ ಬಾಬಾಸಾಹೇಬರು ಸಮಾಧಾನ ಹೇಳಿದರು. ಆ ತಾಯಿ 1935ರ ಮೇ ತಿಂಗಳಲ್ಲಿ ತೀರಿಕೊಂಡರು. ಗುಡಿ ತೆರೆದದ್ದು 1947ರ ಮೇ ತಿಂಗಳಲ್ಲಿ. ಅದೂ ಭಕ್ತಿಯಿಂದಲ್ಲ. ಸಾನೆ ಗುರೂಜಿ ಪಂಢರಪುರದಲ್ಲಿ ಉಪವಾಸ ಕೂತ ಮೇಲೆ. ಚೋಖಾ ಸತ್ತು 609 ವರ್ಷಗಳಾಗಿದ್ದವು. ಆಗಲೂ ಪೂಜಾರಿಗಳು ನಮ್ಮವರ ಕಾಲು ಒಳಗೆ ಬೀಳುವ ಮೊದಲೇ ದೇವರ ಕಳೆಯನ್ನು ನೀರಿನ ಪಾತ್ರೆಗೆ ಇಳಿಸಿಟ್ಟುಕೊಂಡರು ಅನ್ನುವ ಮಾತಿದೆ. ಅಂದರೆ ನಮಗೆ ಕಲ್ಲು ಬಿಟ್ಟರು, ದೇವರನ್ನು ಮನೆಗೆ ಒಯ್ದರು! ಬಡವೆ, ಉತ್ಪಾತ ಮನೆತನಗಳ ವಂಶಪಾರಂಪರ್ಯ ಹಕ್ಕು ಕೊನೆಗೆ ಮುಗಿದದ್ದು 2014ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಿನಿಂದ. ಉಪವಾಸ, ಕಾನೂನು, ಕೋರ್ಟು ಮಾಡಿದ ಕೆಲಸದ ಹೆಸರನ್ನು ಭಕ್ತಿಯ ಖಾತೆಗೆ ಬರೆಯಬೇಡಿ.

ಇನ್ನು ನಮ್ಮ ಸಂಗಾತಿಗಳಿಗೂ ಒಂದು ಮಾತು. 'ಚೋಖಾಮೇಳಾ ಗುಲಾಮ. ಹಿಂದಿನ ಜನ್ಮದ ಕರ್ಮ ಅಂತ ಅತ್ತವನು. ಅವನನ್ನು ಎಸೆಯಿರಿ' ಅನ್ನುವ ಗೆಳೆಯರಿದ್ದಾರೆ. ಅವರ ಸಿಟ್ಟು ನಮ್ಮದೂ ಹೌದು. ಜೋಹಾರ ಅಂತ ಬಾಗಿದ ಬೆನ್ನು ನಮಗೂ ಸಂಕಟ ತರುತ್ತದೆ. ಆದರೆ ಬಾಬಾಸಾಹೇಬರು ಅವನನ್ನು ಎಸೆಯಲಿಲ್ಲ. 1948ರ 'ದಿ ಅನ್‌ಟಚಬಲ್ಸ್' ಪುಸ್ತಕವನ್ನು ನಂದನಾರ್, ರವಿದಾಸ, ಚೋಖಾಮೇಳಾ ಈ ಮೂವರ ನೆನಪಿಗೆ ಅರ್ಪಿಸಿದರು. ಅರ್ಪಿಸಿ ಅವರ ಹಾಗೆ ಬಾಗಿಲಲ್ಲಿ ನಿಲ್ಲಲಿಲ್ಲ. 1956ರಲ್ಲಿ ನಾಗಪುರದಲ್ಲಿ ಬಾಗಿಲಿಗೇ ಬೆನ್ನು ತಿರುಗಿಸಿ ಲಕ್ಷಾಂತರ ಜನರೊಂದಿಗೆ ನಡೆದರು. ಗೌರವ ಬೇರೆ, ದಾರಿ ಬೇರೆ. ಗಾಡ್ಗೆ ಬಾಬಾ ಪಂಢರಪುರದಲ್ಲಿ ಕಟ್ಟಿಸಿದ ಚೋಖಾಮೇಳಾ ಧರ್ಮಶಾಲೆಯನ್ನು ಬಾಬಾಸಾಹೇಬರ ಶಿಕ್ಷಣ ಸಂಸ್ಥೆಗೇ ಒಪ್ಪಿಸಿದರು. ಚೋಖಾನ ಹೆಸರು ಮೆಟ್ಟಿಲಿನಿಂದ ಎದ್ದು ಹುಡುಗರು ಓದುವ ಕಡೆಗೆ ಹೋಯಿತು. ಅದು ಅವನಿಗೆ ಸಂದ ನಿಜವಾದ ಸಮಾಧಿ.

ಆ ಗುಡಿಸಲಿನಲ್ಲಿ ಅಳು ಮಾತ್ರ ಇರಲಿಲ್ಲ ಅನ್ನುವುದನ್ನೂ ಮರೆಯಬೇಡಿ. ಮೈಲಿಗೆ ಮೈಯ ಹುಟ್ಟಿನಲ್ಲೇ ಇರುವಾಗ ಮಡಿಯಾಗಿ ಹುಟ್ಟಿದವನು ಯಾರು ಅಂತ ಕೇಳಿದವಳು ಸೋಯರಾಬಾಯಿ. ನಮಗೆ ಎಂಜಲು ತಿನ್ನಿಸಿ ನಿನಗೇನು ಸಿಕ್ಕಿತು ಅಂತ ದೇವರ ಮುಖಕ್ಕೇ ಕೇಳಿದವನು ಮಗ ಕರ್ಮಮೇಳಾ. ಅಪ್ಪ ಬೇಡಿದ, ಅವ್ವ ವಾದ ಮಾಡಿದಳು, ಮಗ ಜಗಳ ಆಡಿದ. ಒಂದೇ ಒಲೆಯ ಮುಂದೆ ಭಕ್ತಿ ಬಂಡಾಯಕ್ಕೆ ತಿರುಗಿದ ರೀತಿ ಇದು. ಆದರೆ ದಿಂಡಿಯವರಿಗೆ ಅಪ್ಪನ ಹೆಸರು ಬೇಕು, ಮಗನದು ಬೇಡ.

ಹಳ್ಳಿಯ ಮೇಷ್ಟ್ರೇ, ಭಕ್ತಿ ಚಳವಳಿಯ ಪಾಠ ಮಾಡುವಾಗ 'ಜಾತಿಭೇದ ಅಳಿಸಿದರು' ಅಂತ ಬರೆಸಿ ಮುಗಿಸಬೇಡಿ. ಯಾರು ಹಾಡಿದರು, ಹಾಡುವಾಗ ಎಲ್ಲಿ ನಿಂತಿದ್ದರು, ಅಂತ ಎರಡು ಪ್ರಶ್ನೆ ಬರೆಸಿ. ಒಂದಕ್ಕೆ ಉತ್ತರ ಪುಸ್ತಕದಲ್ಲಿದೆ. ಇನ್ನೊಂದಕ್ಕೆ ಹುಡುಗರು ತಮ್ಮ ಊರಿನ ಗುಡಿಯನ್ನೇ ನೋಡಿಬಂದು ಬರೆಯಲಿ.

ಪಂಢರಪುರದ ಚಂದ್ರಭಾಗೆ ಬೇರೆ ಹೊಳೆಯಲ್ಲ, ನಮ್ಮ ಭೀಮೆಯೇ. ಚೋಖಾನನ್ನು ಆಚೆ ದಡಕ್ಕೆ ಅಟ್ಟಿದ ಅದೇ ಹೊಳೆ ಕೆಳಗೆ ಹರಿದು ನಮ್ಮ ಸೀಮೆಗೆ ಬರುತ್ತದೆ. ಬರುವ ಆಷಾಢಕ್ಕೆ ಆ ನೀರನ್ನೇ ತುಂಬಿ ನಮ್ಮ ಕೇರಿಯ ಮುಂದೆ ಕೊಡಗಳನ್ನು ಸಾಲಾಗಿ ಇಟ್ಟಿರುತ್ತೇವೆ. ಕೈಮುಗಿದು ನಿಲ್ಲುವುದಿಲ್ಲ, ತಂಬಿಗೆ ಹಿಡಿದು ನಿಲ್ಲುತ್ತೇವೆ. ಚೋಖಾಮೇಳಾನ ಹಾಡು ಹೇಳುವವರು ನಿಂತು, ಕುಡಿದು, ಮುಂದೆ ಹೋಗಲಿ. ಕುಡಿಯಲಾರದವರು ಅವನ ಹೆಸರು ಬಿಟ್ಟು ಹಾಡಲಿ.